ಮಂಗಳವಾರ ಚುಚ್ಚಿ, ಶುಕ್ರವಾರ ನೋಡುವವರು

“ನಿಮ್ಮ ಊರಲ್ಲಿ ದನಗಳಿಗೆ ಎಷ್ಟು ತಿಂಗಳಿಗೊಮ್ಮೆ ಕ್ಷಯದ ಪರೀಕ್ಷೆ ಮಾಡ್ತಾರೆ?”

ಹೈನದ ಮನೆಯೊಡತಿ ಕೇಳಿದ್ದು ಇಷ್ಟೇ. ನವೆಂಬರಿನ ಮಳೆ ಜಿನುಗುತ್ತಿತ್ತು, ನಾನು ದನ ಬಿಡುವ ಗೇಟಿನ ಚಿಲಕ ಹಿಡಿದು ನಿಂತಿದ್ದೆ. “ಮಾಡೋದಿಲ್ಲ” ಅನ್ನಬೇಕಿತ್ತು, ನಾಲಿಗೆ ಏಳಲಿಲ್ಲ. “ನಮ್ಮಲ್ಲಿ ಪದ್ಧತಿ ಬೇರೆ” ಎಂದು ಹೇಳಿ ಮುಂದಿನ ಆಕಳನ್ನು ಒಳಗೆ ಬಿಟ್ಟೆ. ಎರಡು ತಿಂಗಳಾಯಿತು, ಆ ಮಾತು ಇನ್ನೂ ಚುಚ್ಚುತ್ತಿದೆ.

ನಾನು ಭಾಲ್ಕಿ ತಾಲೂಕಿನವ. ನರ್ಸ್ ಕೆಲಸಕ್ಕೆಂದು ಇಂಗ್ಲೆಂಡಿನ ಡೆವನ್ ಸೀಮೆಗೆ ಬಂದು ಆರು ವರ್ಷವಾಯಿತು. ಆಸ್ಪತ್ರೆ ಇರುವ ಊರಲ್ಲಿ ಬಾಡಿಗೆ ದುಬಾರಿ ಎಂದು ಒಂದು ಹೈನದ ಮನೆಯ ಹಿತ್ತಲಲ್ಲಿ ಎರಡು ಕೋಣೆ ಹಿಡಿದಿದ್ದೇನೆ. 140 ಆಕಳು ಇರುವ ಮನೆ ಅದು. ನಸುಕಿನ ನಾಲ್ಕೂವರೆಗೆ ಹಾಲು ಕರೆಯುವ ಯಂತ್ರ ಗುಂಯ್ ಎಂದರೆ ನನಗೂ ಎಚ್ಚರ. ಸಗಣಿ, ಹಸಿ ಮೇವು, ಆಕಳ ಉಸಿರು ಒಟ್ಟಿಗೆ ಮೂಗಿಗೆ ಬಡಿದಾಗ ಒಂದು ಗಳಿಗೆ ಕಾಕಾನ ದೊಡ್ಡಿಯಲ್ಲೇ ಮಲಗಿದ್ದೇನೆ ಅನಿಸುತ್ತದೆ. ರಜೆ ಇದ್ದ ದಿನ ಅವರು ಕರೆಯದಿದ್ದರೂ ಹೋಗಿ ಕೈ ಹಚ್ಚುತ್ತೇನೆ.

ಇಲ್ಲಿ ದನಗಳ ಕ್ಷಯ ರೈತರ ನಿದ್ದೆ ಕೆಡಿಸುವ ರೋಗ. ಪರೀಕ್ಷೆ ಕಡ್ಡಾಯ. ಅವತ್ತು ಮಂಗಳವಾರ ಪಶುವೈದ್ಯರು ಬಂದರು. ಒಂದೊಂದೇ ಆಕಳು ಇಕ್ಕಟ್ಟಾದ ಕಬ್ಬಿಣದ ಚೌಕಟ್ಟಿನೊಳಗೆ ಬಂದು ನಿಲ್ಲುತ್ತದೆ. ಕತ್ತಿನ ಮೇಲೆ ಎರಡು ಕಡೆ ಕೂದಲು ಕತ್ತರಿಸಿ, ಚರ್ಮ ಮಡಚಿ ದಪ್ಪ ಅಳೆದು ಬರೆದುಕೊಂಡು, ಮೇಲಿನ ಜಾಗಕ್ಕೆ ಹಕ್ಕಿಗಳ ಕ್ಷಯದ ರೋಗಾಣುವಿನಿಂದ ತೆಗೆದ ಸಾರವಾದ ಟ್ಯುಬರ್‌ಕ್ಯುಲಿನ್, ಕೆಳಗಿನ ಜಾಗಕ್ಕೆ ದನಗಳದ್ದು ಚುಚ್ಚುತ್ತಾರೆ. 72 ಗಂಟೆ ಕಳೆದ ಮೇಲೆ, ಶುಕ್ರವಾರ, ಮತ್ತೆ ಅದೇ ಜಾಗಕ್ಕೆ ಬೆರಳು ಇಟ್ಟು ನೋಡುತ್ತಾರೆ. ಮೇಲಿನ ಊತಕ್ಕಿಂತ ಕೆಳಗಿನ ಊತ 4 ಮಿಲಿಮೀಟರಿಗಿಂತ ಹೆಚ್ಚಿದ್ದರೆ ಆ ಆಕಳು ಮನೆಯಲ್ಲಿ ಉಳಿಯುವುದಿಲ್ಲ.

ಆ ಶುಕ್ರವಾರ ಯಾರೂ ಮಾತಾಡಲಿಲ್ಲ. ಮನೆಯ ಮಗ, ಇಪ್ಪತ್ತರ ಹುಡುಗ, ಕಿವಿಯ ನಂಬರ್ ಓದುವುದು. ವೈದ್ಯರು ಕತ್ತು ಸವರಿ “ಸರಿ” ಅನ್ನುವುದು. ನಾನು ಗೇಟು ತೆಗೆಯುವುದು. 412 ಬಂದಾಗ ವೈದ್ಯರ ಬೆರಳು ನಿಂತಿತು. ಅಳತೆಯ ಉಪಕರಣ ಹೊರತೆಗೆದರು. ಮೇಲಿನದು ಮಂಗಳವಾರ 8 ಇತ್ತು, ಈಗ 10. ಕೆಳಗಿನದು 8 ಇದ್ದದ್ದು 17. ಹುಡುಗ ಬರೆಯುವುದನ್ನು ನಿಲ್ಲಿಸಿ ಆಕಳ ಹಣೆಯ ಮೇಲೆ ಕೈ ಇಟ್ಟ. ಏಳು ಸಲ ಈದ ಆಕಳು, ಅವನು ಶಾಲೆಗೆ ಹೋಗುವಾಗಿನಿಂದ ಆ ಮನೆಯಲ್ಲಿತ್ತು. ಆಮೇಲೆ ಇನ್ನೊಂದು ಸಿಕ್ಕಿತು. ಅವೆರಡನ್ನೂ ಬೇರೆ ಕಟ್ಟಿದರು, ಅವುಗಳ ಹಾಲನ್ನು ಬೇರೆ ಹಾಲಿಗೆ ಸೇರಿಸದೆ ಚೆಲ್ಲಿದರು. ಇಡೀ ಮಂದೆಯಿಂದ ಒಂದು ಕರುವನ್ನೂ ಬೇಕಾದಂತೆ ಮಾರುವ ಹಾಗಿಲ್ಲ ಎಂದು ಆದೇಶವಾಯಿತು. ಇನ್ನು 60 ದಿನಕ್ಕೊಮ್ಮೆ ಪರೀಕ್ಷೆ, ಎರಡು ಸಲ ಬೆನ್ನುಬೆನ್ನಿಗೆ ಎಲ್ಲವೂ ಸರಿ ಬರುವ ತನಕ.

ನನ್ನ ಮನಸ್ಸಿನಲ್ಲಿ ಕೂತದ್ದು ಮುಂದಿನ ಸಂಗತಿ. ಮಧ್ಯಾಹ್ನದೊಳಗೆ ಮನೆಯೊಡತಿ ತಾನೇ ಅಕ್ಕಪಕ್ಕದ ಹೊಲದವರಿಗೆಲ್ಲ ಫೋನ್ ಮಾಡಿ ಹೇಳಿದಳು. ಮುಚ್ಚಿಡುವ ಪ್ರಶ್ನೆಯೇ ಇಲ್ಲ. ಯಾವ ಮಂದೆಗೆ ರೋಗ ಬಂದಿದೆ ಎಂದು ಸರ್ಕಾರದ ನಕ್ಷೆಯಲ್ಲಿ ಯಾರು ಬೇಕಾದರೂ ನೋಡಬಹುದು. ಸಂಜೆ ಪಕ್ಕದ ಹೊಲದ ಯಜಮಾನ ಒಂದು ಪಾತ್ರೆ ಸೂಪ್ ತಂದು ಅಡುಗೆಮನೆಯಲ್ಲಿ ಇಟ್ಟು, ಅರ್ಧ ಗಂಟೆ ಕೂತು ಹೋದ. ನಮ್ಮಲ್ಲಿ ಸಾವಾದ ಮನೆಗೆ ಬುತ್ತಿ ತರುತ್ತಾರಲ್ಲ, ಹಾಗೆ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೋದ ವರ್ಷದ ಎಳ್ಳ ಅಮಾವಾಸ್ಯೆ ಕಣ್ಣ ಮುಂದೆ ಬಂತು.

ನಾನು ರಜೆಗೆ ಊರಿಗೆ ಹೋಗಿದ್ದೆ. ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಉಂಡು ಹೊತ್ತು ಮುಳುಗುವಾಗ ಮನೆಗೆ ಬಂದರೆ ಕಾಕಾನ ಜರ್ಸಿ ಆಕಳು ಗೋದಲಿಯ ಹತ್ತಿರ ಒದ್ದಾಡುತ್ತಿತ್ತು. ಏಳು ತಿಂಗಳ ಗಬ್ಬ. ರಾತ್ರಿ ಕಂದು ಹಾಕಿತು. ಸತ್ತ ಕರು ಬಿತ್ತು, ಮಾಸು ಬೀಳಲಿಲ್ಲ. ಬೆಳಗಿನ ತನಕ ಕಾದು ಕಾಕಾ ಅಂಗಿ ತೋಳು ಏರಿಸಿ, ಶೇಂಗಾ ಎಣ್ಣೆ ಸವರಿಕೊಂಡು, ಬರಿಗೈ ಹಾಕಿ ಎಳೆದು ತೆಗೆದ. ಮೊಣಕೈ ತನಕ ರಕ್ತ. ಅವನ ಹೆಬ್ಬೆರಳಿನ ಬುಡದಲ್ಲಿ ಕಬ್ಬಿನ ರವದಿ ಗೀರಿದ ಹಸಿ ಗಾಯ ಇತ್ತು, ನಾನು ನೋಡಿದ್ದೆ. ಮಾಸನ್ನು ತಿಪ್ಪೆಗೆ ಒಗೆದ, ನಾಯಿ ಎಳೆದುಕೊಂಡು ಹೋಯಿತು. ನಾನು ನರ್ಸ್. ಕೈಗವಸಿಲ್ಲದೆ ಒಬ್ಬ ರೋಗಿಯನ್ನೂ ಮುಟ್ಟದವನು. ಆದರೂ ಆ ಅಂಗಳದಲ್ಲಿ ನಿಂತಾಗ ನನ್ನ ಬಾಯಿಂದ ಒಂದು ಮಾತೂ ಬರಲಿಲ್ಲ, ಯಾಕೆಂದರೆ ನಮ್ಮ ಮನೆಯಲ್ಲಿ ಅದು ಯಾವಾಗಲೂ ಹಾಗೆಯೇ ನಡೆದದ್ದು.

ಸಂಕ್ರಾಂತಿ ಆದ ಮೇಲೆ ಆಕಳನ್ನು ಸಂತೆಗೆ ಹೊಡೆದರು. ಕೊಂಡವರು ಬೇರೆ ಊರವರು. ಹಲ್ಲು ನೋಡಿದರು, ಕೆಚ್ಚಲು ಮುಟ್ಟಿದರು, ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಮಾಡಿದರು. ಕಂದು ಹಾಕಿದ್ದನ್ನು ಯಾರೂ ಕೇಳಲಿಲ್ಲ, ಕಾಕಾ ಹೇಳಲಿಲ್ಲ. ಕಿವಿಯಲ್ಲಿ ಹನ್ನೆರಡು ಅಂಕಿಯ ಹಳದಿ ಬಿಲ್ಲೆ ಇತ್ತು. ಆ ಹನ್ನೆರಡು ಅಂಕಿ ಆಕಳ ಜೊತೆ ಹೋದವು, ಅದು ಕಂದು ಹಾಕಿದ ಸುದ್ದಿ ಹೋಗಲಿಲ್ಲ.

ಶಿವರಾತ್ರಿ ಹೊತ್ತಿಗೆ ಕಾಕಾಗೆ ಜ್ವರ. ಬೆಳಿಗ್ಗೆ ಚೆನ್ನಾಗಿರುತ್ತಿದ್ದ, ಸಂಜೆಯಾದರೆ ಚಳಿ. ನಡುರಾತ್ರಿ ಧೋತರ ಹಿಂಡುವಷ್ಟು ಬೆವರು. ಸೊಂಟ ಹಿಡಿದು ಏಳಲಾರ. ಟೈಫಾಯ್ಡ್ ಎಂದು ಒಂದು ಕಡೆ ಹದಿನೈದು ದಿನ ಔಷಧ, ಇನ್ನೊಂದು ಕಡೆ ಬೆನ್ನುಮೂಳೆಯ ಎಕ್ಸ್‌ರೇ. ಯುಗಾದಿ ಕಳೆದ ಮೇಲೆ ಕಲಬುರಗಿಯ ಒಬ್ಬ ಡಾಕ್ಟರು ಒಂದೇ ಒಂದು ಪ್ರಶ್ನೆ ಕೇಳಿದರಂತೆ: “ಮನ್ಯಾಗ ದನಾ ಅವ ಏನ್ರಿ?” ರಕ್ತ ಪರೀಕ್ಷೆ ಮಾಡಿಸಿದರು. ಬ್ರುಸೆಲ್ಲೋಸಿಸ್, ದನ ಕಂದು ಹಾಕುವಂತೆ ಮಾಡಿ ಅದರ ಮಾಸಿನಿಂದ ಮನುಷ್ಯರಿಗೂ ಅಂಟುವ ರೋಗ. ಆರು ವಾರ ಎರಡು ಥರದ ಮಾತ್ರೆ. ಜ್ವರ ಬಿಟ್ಟಿತು, ಸೊಂಟ ಇನ್ನೂ ಪೂರ್ತಿ ಸರಿಹೋಗಿಲ್ಲ.

ಬ್ರಿಟನ್ನಿನಲ್ಲಿ ಈ ರೋಗ 1985ರಿಂದ ಇಲ್ಲವೆಂದು ಲೆಕ್ಕ. ಆಮೇಲೆ ಹೊರಗಿನಿಂದ ಅಲ್ಲೊಂದು ಇಲ್ಲೊಂದು ನುಸುಳಿದ್ದನ್ನು ಹಿಡಿದು ಹಾಕಿದ್ದಾರೆ. ಹೋಗಿದೆ ಎಂದು ಕೈ ಕಟ್ಟಿ ಕೂತಿಲ್ಲ. ಯಾವ ಆಕಳು ಅಕಾಲದಲ್ಲಿ ಕರು ಹಾಕಿದರೂ ತಿಳಿಸಬೇಕು, ಹೈನದ ಮನೆಗಳ ದೊಡ್ಡ ಹಾಲಿನ ಟ್ಯಾಂಕಿನಿಂದ ಮೂರು ತಿಂಗಳಿಗೊಮ್ಮೆ ಮಾದರಿ ಹೋಗುತ್ತದೆ.

ನನಗೆ ಸಿಟ್ಟು ಬರುವುದು ಇಲ್ಲಿಯೇ. ಹಾಲು ಪರೀಕ್ಷೆ ಮಾಡುವುದು ನಮಗೇನು ಹೊಸದೇ? ನಮ್ಮೂರ ಡೇರಿಯಲ್ಲಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಪ್ರತಿ ಮನೆಯ ಹಾಲನ್ನೂ ಮಷೀನಿಗೆ ಹಾಕಿ ಫ್ಯಾಟ್ ನೋಡುತ್ತಾರೆ. ಪಾಯಿಂಟ್ ಒಂದು ಕಡಿಮೆ ಬಂದರೆ ಕಾಕು ಡೇರಿಯವನ ಜೊತೆ ಜಗಳಕ್ಕೆ ನಿಲ್ಲುತ್ತಾಳೆ. ಅದೇ ಹಾಲಿನಲ್ಲಿ ಈ ರೋಗದ ಸುಳಿವೂ ಸಿಗುತ್ತದೆ. ಸಣ್ಣ ಕೊಳವೆಯಲ್ಲಿ ಒಂದಿಷ್ಟು ಹಾಲು, ಅದಕ್ಕೆ ಬಣ್ಣ ಕೊಟ್ಟ ಆಂಟಿಜೆನ್, ಅಂದರೆ ಸತ್ತ ರೋಗಾಣುಗಳ ದ್ರವ, ಒಂದು ಹನಿ, ಬೆಚ್ಚಗಿನ ಕಡೆ ಒಂದು ಗಂಟೆ. ರೋಗ ಇದ್ದರೆ ಮೇಲೆ ತೇಲಿದ ಕೆನೆಯಲ್ಲಿ ನೀಲಿ ಉಂಗುರ ಕಟ್ಟುತ್ತದೆ. ಗಿಣ್ಣಕ್ಕೂ ಕೆಚ್ಚಲು ಬಾವಿನ ಹಾಲಿಗೂ ಸುಳ್ಳು ಉಂಗುರ ಬರಬಹುದು, ಆದ್ದರಿಂದ ಆಮೇಲೆ ರಕ್ತ ನೋಡಲೇಬೇಕು. ಆದರೆ ಯಾವ ಊರಲ್ಲಿ ನೋಡಬೇಕು ಎಂದಾದರೂ ಗೊತ್ತಾಗುತ್ತದೆ. ನಮ್ಮಲ್ಲಿ ಮನೆಗೆ ಎರಡು ಆಕಳು, ಒಂದು ಎಮ್ಮೆ. ಎಲ್ಲ ಸೇರಿದರೆ ಊರಿಗೆ ಊರೇ ಒಂದು ಮಂದೆ, ಡೇರಿಯ ಕ್ಯಾನೇ ಅದರ ಟ್ಯಾಂಕು. ಪಶುವೈದ್ಯಕೀಯ ವಿಶ್ವವಿದ್ಯಾಲಯ ಬೇರೆ ಎಲ್ಲೂ ಅಲ್ಲ, ನಮ್ಮ ಬೀದರಿನ ನಂದಿನಗರದಲ್ಲೇ ಇದೆ. ಕಾನೂನೂ ಇದೆ. ಅಂಟುರೋಗ ತಗುಲಿದ ದನವನ್ನು ಸಂತೆಗೆ ತರಬಾರದು ಎಂದು 2009ರ ಕಾಯ್ದೆಯೇ ಹೇಳುತ್ತದೆ. ಫ್ಯಾಟ್ ನೋಡುವ ಊರು ರೋಗ ನೋಡುವುದಿಲ್ಲ, ಯಾಕೆಂದರೆ ಫ್ಯಾಟಿನಲ್ಲಿ ರೊಕ್ಕ ಇದೆ.

ಇದನ್ನೆಲ್ಲ ಕಾಕಾಗೆ ಫೋನಿನಲ್ಲಿ ಹೇಳಿದೆ. ದನಿ ಏರಿಸಿಯೇ ಹೇಳಿದೆ. ಅವನು ಪೂರ್ತಿ ಕೇಳಿದ.

“ತಮ್ಮಾ, ಟೆಸ್ಟ್ ಮಾಡ್ಸಿನಿ ಅಂತ ತಿಳ್ಕೋ. ಅದಾ ಅಂತ ಬಂತು. ಮುಂದ? ಕಟ್ಕೊಂಡು ಕುಂದರ್ಲ್ಯಾ, ಕೊಲ್ಲಿಸ್ಲ್ಯಾ, ಮಾರ್ಲ್ಯಾ? ಎಪ್ಪತ್ತು ಸಾವ್ರದ ಆಕಳ. ಯಾರ್ ಕೊಡ್ತಾರ ರೊಕ್ಕ? ಡೇರಿನಾಗ ನಮ್ ಹಾಲ್ ಬ್ಯಾಡ ಅಂದ್ರ ಬಡ್ಡಿ ಯಾಂವ ಕಟ್ಟಾಂವ?”

ನನ್ನಲ್ಲಿ ಉತ್ತರ ಇರಲಿಲ್ಲ. ಇಲ್ಲಿಯ ಮನೆಯೊಡತಿಗೆ 412ರ ಬದಲು ಸರ್ಕಾರ ದುಡ್ಡು ಕೊಡುತ್ತದೆ, ಮಾರುಕಟ್ಟೆಯ ಸರಾಸರಿ ದರದ ಪಟ್ಟಿ ನೋಡಿ. ನನ್ನ ಆಕಳ ಬೆಲೆಗೆ ಅದು ಸಾಲದು ಎಂದು ಅವಳು ಗೊಣಗುತ್ತಾಳೆ, ಆದರೂ ಕೊಡುತ್ತದೆ. ಶುಕ್ರವಾರದ ಸುದ್ದಿ ಕೆಟ್ಟದ್ದೇ ಆದರೂ ಶನಿವಾರ ಏನು ಮಾಡಬೇಕು ಎಂಬುದು ಗೊತ್ತಿದೆ. ಕಾಕಾಗೆ ಶನಿವಾರವೇ ಇಲ್ಲ.

ನಮ್ಮವರು ಮುಚ್ಚಿಡುವ ಜನ ಎಂದು ನಾನು ತೀರ್ಪು ಕೊಟ್ಟುಬಿಟ್ಟಿದ್ದೆ. ಅದು ಪೂರ್ತಿ ನಿಜವಲ್ಲ ಎಂಬುದನ್ನು ನಾನೇ ಕಂಡಿದ್ದೇನೆ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಆಕಳು ಸತ್ತರೆ 20,000, ಎತ್ತು ಸತ್ತರೆ 30,000, ಕರುವಿಗೆ 5,000 ರೂಪಾಯಿ ಪರಿಹಾರ ಎಂದು ನಮ್ಮ ಸರ್ಕಾರ ಹೇಳಿತು. ಆಗ ಊರವರೇ ಡಾಕ್ಟರಿಗೆ ಫೋನ್ ಮಾಡಿ ಕರೆದರು. ಎಷ್ಟು ದನಕ್ಕೆ ಗಂಟು ಎದ್ದಿದೆ ಎಂದು ಮನೆಮನೆಯವರು ಹೇಳಿದರು. ನಮ್ಮ ಓಣಿಯಲ್ಲಿ ಒಂದು ದೇವಣಿ ಎತ್ತು ಸತ್ತಾಗ, ಬಿಳಿ ಮೈ ಮೇಲೆ ಕರಿ ಮಚ್ಚೆಯ ಎತ್ತು, ಕಾರಹುಣ್ಣಿಮೆಗೆ ಮುಂದೆ ಓಡುತ್ತಿದ್ದದ್ದು, ಡಾಕ್ಟರು ಬಂದು ಬರೆದುಕೊಳ್ಳುವ ತನಕ ಯಾರೂ ಅದನ್ನು ಅಲುಗಿಸಲಿಲ್ಲ. ಅವರು ಬಂದದ್ದು ಮೋಟಾರ್ ಸೈಕಲ್ ಮೇಲೆ, ಔಷಧದ ಡಬ್ಬಿ ಹಿಂದೆ ಕಟ್ಟಿಕೊಂಡು, ಅವತ್ತಿನ ನಾಲ್ಕನೇ ಊರಿಗೆ. ಇಲ್ಲಿಯ ವೈದ್ಯರಿಗೆ ದನಗಳನ್ನು ಸಾಲಾಗಿ ನಿಲ್ಲಿಸಿ ಕೊಡುತ್ತಾರೆ. ಅಲ್ಲಿ ಅವರು ಹಗ್ಗ ಹಿಡಿಯುವವನನ್ನೂ ತಾವೇ ಹುಡುಕಬೇಕು. ಇದನ್ನು ನಾನು ಮೊದಲೇ ಹೇಳಬೇಕಿತ್ತು.

ಇಲ್ಲಿಯದೆಲ್ಲ ಸುಖ ಎಂದೂ ಅಲ್ಲ. ಕೊಯ್ದ ಮೇಲೆ 412ರ ಒಳಗೆ ಕಣ್ಣಿಗೆ ಕಾಣುವ ಒಂದು ಗಾಯವೂ ಇರಲಿಲ್ಲವಂತೆ. ಹಾಗೆ ಆಗುವುದುಂಟು, ರೋಗ ಇಲ್ಲ ಎಂದು ಅದರ ಅರ್ಥ ಅಲ್ಲ ಎಂದು ವೈದ್ಯರು ಹೇಳಿದರು. ಹುಡುಗ ಎರಡು ದಿನ ಊಟ ಬಿಟ್ಟ. ಇಷ್ಟು ದಶಕ ಚುಚ್ಚಿ ಅಳೆದರೂ ಕ್ಷಯ ಇನ್ನೂ ಹೋಗಿಲ್ಲ. ಕಾಡಿನ ಬ್ಯಾಜರ್ ಎಂಬ ಪ್ರಾಣಿಯಲ್ಲೂ ಅದು ಮನೆ ಮಾಡಿಕೊಂಡಿದೆ, 2038ರೊಳಗೆ ಇಂಗ್ಲೆಂಡಿನಿಂದ ಓಡಿಸುತ್ತೇವೆ ಎಂದು ಗುರಿ ಇಟ್ಟುಕೊಂಡಿದ್ದಾರೆ. ಮನೆಯ ಹಿರಿಯ, ಎಂಬತ್ತು ದಾಟಿದವರು, ಒಂದು ಸಂಜೆ 2001ರ ಮಾತು ತೆಗೆದರು. ಆ ವರ್ಷ ಕಾಲುಬಾಯಿ ಬೇನೆಗೆ ಈ ದೇಶದಲ್ಲಿ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರು. ಪಕ್ಕದ ಹೊಲಕ್ಕೆ ಬಂದಿದೆ ಎಂಬ ಕಾರಣಕ್ಕೆ ರೋಗವಿಲ್ಲದ ಇವರ ಮಂದೆಯನ್ನೂ ಒಂದೇ ದಿನದಲ್ಲಿ ಮುಗಿಸಿದರಂತೆ. ಖಾಲಿ ಕೊಟ್ಟಿಗೆಯ ಕಡೆ ಮೂರು ತಿಂಗಳು ಮುಖ ಹಾಕಲಿಲ್ಲ ಎಂದರು. ಅದೇ ಕಾಲುಬಾಯಿ ಬೇನೆಗೆ ನಮ್ಮಲ್ಲಿ ಮನೆಮನೆಗೆ ಬಂದು ಲಸಿಕೆ ಹಾಕುತ್ತಾರೆ. ನಮ್ಮ ಕಾಕಾ ಬತ್ತಿದ ಆಕಳಿಗೂ ಕಣಕಿ ಹಾಕಿ, ಬೇನೆ ಬಿದ್ದ ಆಕಳ ಪಕ್ಕ ರಾತ್ರಿಯಿಡೀ ಬೆಲ್ಲದ ನೀರು ಹಿಡಿದು ಕೂತವನು. ಆ ಕೂತಿರುವಿಕೆ ಈ ನಾಡಿನ ಯಾವ ನಿಯಮದಲ್ಲೂ ನನಗೆ ಕಾಣಲಿಲ್ಲ.

ಆದರೂ ಆ ಸಂತೆಯಲ್ಲಿ ಕೊಂಡವರ ಮನೆಯಲ್ಲಿ ಈಗ ಯಾರು ಬೆವರುತ್ತಿದ್ದಾರೋ ಎಂದು ಯೋಚಿಸಿದಾಗೆಲ್ಲ ನನ್ನ ಮನಸ್ಸು ಶುಕ್ರವಾರದ ಕಡೆಗೇ ವಾಲುತ್ತದೆ.

ಈ ಸಲ ಎಳ್ಳ ಅಮಾವಾಸ್ಯೆಗೆ ರಜೆ ಸಿಗಲಿಲ್ಲ. ಇವತ್ತು ಕಾಕಾಗೆ ಫೋನ್ ಮಾಡಿದೆ. ಮನೆಯಲ್ಲಿ ಐದು ತಿಂಗಳ ಹೆಣ್ಣುಗರು ಇದೆ. 2019ರಿಂದ ಕೇಂದ್ರ ಸರ್ಕಾರದ ಯೋಜನೆಯಲ್ಲಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗಳಿಗೆ ಈ ಕಂದು ರೋಗದ ಲಸಿಕೆ ಇದೆ. ಒಮ್ಮೆ ಹಾಕಿಸಿದರೆ ಸಾಕು. ಅದರ ಬಗ್ಗೆ ನಾನು ಮೂರು ಸಲ ಹೇಳಿದ್ದೆ.

“ಹಾಕ್ಸೀನಿ,” ಅಂದ ಕಾಕಾ. “ಡಾಕ್ಟರ್ ಬಂದಿದ್ರು. ಕೈಗವಸ ಸೈತ ನಾಕ್ ಜೋಡ ಕೊಟ್ಟು ಹೋಗ್ಯಾರ.” ಸ್ವಲ್ಪ ತಡೆದು ಕೇಳಿದ: “ಆ ಹುಡುಗಂದು ದನಾ ಏನಾದವೋ?”

60 ದಿನ ಕಳೆದಿದೆ, ಮೊನ್ನೆ ಮಂಗಳವಾರ ಮತ್ತೆ ಚುಚ್ಚಿ ಹೋಗಿದ್ದಾರೆ. ನಾಳೆ ನನಗೆ ಡ್ಯೂಟಿ ಇಲ್ಲ, ಗೇಟು ಹಿಡಿಯಲು ಹೋಗಬೇಕು.

“ನಾಳಿಗಿ ಗೊತ್ತಾಗ್ತದ ಕಾಕಾ,” ಅಂದೆ.

“ಆಗಿಂದಾಗ ಫೋನ್ ಮಾಡು,” ಅಂದ. “ಕಾಯ್ತಿರ್ತೀನಿ.”