ಲೋವರ್ ಆರ್ಮ್ ಬೋಲ್ಟ್ ಬಿಗಿ ಮಾಡುವಾಗ ಗಾಡಿ ನೆಲದ ಮೇಲಿರಲಿ

ಹಳೇ ಕಾರಿನ ಮುಂದಿನ ಸಸ್ಪೆನ್ಷನ್ ಮಾಡಿಸುವಾಗ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಪಾರ್ಟು ಕಂಪನಿದಾ, ಲೋಕಲ್ಲಾ? ಕೇಳಿ, ಬೇಡ ಅನ್ನಲ್ಲ. ಆದರೆ ಆ ಪಾರ್ಟನ್ನು ಹೇಗೆ ಕೂರಿಸಿದರು ಅಂತ ಯಾರೂ ನೋಡುವುದಿಲ್ಲ. ಅಷ್ಟೊತ್ತಿಗೆ ಟೀ ಕುಡಿಯೋಕೆ ಹೋಗಿರುತ್ತಾರೆ. ನನ್ನ ಪ್ರಕಾರ ದುಡ್ಡು ಹಾಳಾಗೋದು ಅಲ್ಲೇ.

ಲೋವರ್ ಆರ್ಮ್ ಅಂದರೆ ಚಕ್ರವನ್ನು ಗಾಡಿಯ ತಳಕ್ಕೆ ಜೋಡಿಸಿ ಹಿಡಿದಿರುವ ತೋಳು. ಅದರ ಬುಷ್ ಕೈಯಲ್ಲಿ ಹಿಡಿದು ನೋಡಿ. ಒಳಗೊಂದು ಕಬ್ಬಿಣದ ಕೊಳವೆ, ಸುತ್ತ ಅದಕ್ಕೆ ಅಂಟಿಕೊಂಡ ರಬ್ಬರ್. ಅದು ಬೇರಿಂಗ್ ಅಲ್ಲ, ತಿರುಗೋದಿಲ್ಲ. ಚಕ್ರ ಮೇಲೆ ಕೆಳಗೆ ಆಡಿದಾಗ ರಬ್ಬರ್ ಸ್ವಲ್ಪ ತಿರುಚಿಕೊಂಡು ಮತ್ತೆ ಸರಿಯಾಗುತ್ತದೆ, ಅಷ್ಟೇ. ಬೋಲ್ಟ್ ಬಿಗಿ ಮಾಡಿದ ತಕ್ಷಣ ಒಳಗಿನ ಕೊಳವೆ ಇದ್ದಲ್ಲೇ ಕಚ್ಚಿಕೊಳ್ಳುತ್ತದೆ. ಈಗ ಗಾಡಿ ಜಾಕಿ ಮೇಲಿದೆ, ಚಕ್ರ ನೇತಾಡುತ್ತಿದೆ, ಹಾಗೇ ಬಿಗಿ ಮಾಡಿಬಿಟ್ಟರು ಅಂದುಕೊಳ್ಳಿ. ಗಾಡಿ ಕೆಳಗಿಳಿಸಿದಾಗ ಆರ್ಮ್ ಮೇಲೆದ್ದು, ರಬ್ಬರ್ ತಿರುಚಿಕೊಂಡೇ ಕೂರುತ್ತದೆ, ಮನೆ ಮುಂದೆ ನಿಂತಿರುವಾಗಲೂ ಹಾಗೇ ಇರುತ್ತದೆ, ಮೇಲಿಂದ ಒಂದೊಂದು ಗುಂಡಿಗೂ ಇನ್ನಷ್ಟು ತಿರುಚುತ್ತದೆ. ಬೇಗ ಸೀಳದೆ ಏನು ಮಾಡುತ್ತೆ? ಆಮೇಲೆ "ಈಗಿನ ರಬ್ಬರ್ ಬಾಳಿಕೆ ಬರಲ್ಲ ಅಣ್ಣ" ಅನ್ನುವ ಸಮಾಧಾನ.

ಸರಿಯಾದ ಕ್ರಮ ಕಷ್ಟದ್ದೇನಲ್ಲ. ಮೊದಲು ಬೋಲ್ಟ್ ಸಡಿಲವಾಗೇ ಹಾಕಬೇಕು. ಗಾಡಿ ಇಳಿಸಿ, ಬಾನೆಟ್ ಒತ್ತಿ ಒತ್ತಿ ಬಿಟ್ಟು, ಅದರ ಮಾಮೂಲಿ ಎತ್ತರಕ್ಕೆ ಬಂದ ಮೇಲೆ ಪೂರ್ತಿ ಬಿಗಿ ಮಾಡಬೇಕು. ಕೆಳಗೆ ಕೈ ಹೋಗಲ್ಲ ಅಂದರೆ ಆರ್ಮ್ ಕೆಳಗೆ ಇನ್ನೊಂದು ಜಾಕಿ ಕೊಟ್ಟು ಅದೇ ಎತ್ತರಕ್ಕೆ ಎತ್ತಲಿ. ಹತ್ತು ನಿಮಿಷ ಜಾಸ್ತಿ ಹಿಡಿಯಬಹುದು. ಪಕ್ಕದಲ್ಲಿ ನಿಂತು ಕೇಳಿ, ಸಂಕೋಚ ಬೇಡ.

ಇನ್ನು ಲಡಬಡ ಸದ್ದು ಬಂದ ತಕ್ಷಣ "ಶಾಕ್ಸ್ ಹೋಗಿದೆ" ಅನ್ನೋದು. ಶಾಕ್ಸ್ ಅಂದರೆ ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್; ಅದರಲ್ಲಿ ಎಣ್ಣೆ ಇಳಿದಿದ್ದರೆ ಬದಲಿಸಿ, ಎರಡೂ ಕಡೆ ಒಟ್ಟಿಗೆ ಬದಲಿಸಿ. ಆದರೆ ನಿಧಾನಕ್ಕೆ ಹೋಗುವಾಗ ಸಣ್ಣ ಸಣ್ಣ ಗುಂಡಿಗೆ ಟಕ ಟಕ ಅಂದರೆ ಮೊದಲು ಲಿಂಕ್ ರಾಡ್ (ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಸ್ಟೆಬಿಲೈಸರ್ ಬಾರ್ ಅನ್ನೋ ಸರಳನ್ನು ಸಸ್ಪೆನ್ಷನ್‌ಗೆ ಜೋಡಿಸುವ ಕಡ್ಡಿ) ನೋಡಿ, ಅದು ಅಗ್ಗದ ಪಾರ್ಟು. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಟಣ್ ಅಂದರೆ ಅದರ ಮೇಲ್ತುದಿ ಬಾಡಿಗೆ ಕೂರುವ ಮೌಂಟಿಂಗ್ ಮೇಲೆ ಅನುಮಾನ ಪಡಿ. ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಟ, ಅಂದರೆ ಸಡಿಲ, ಇದ್ದರೆ ಬಾಲ್ ಜಾಯಿಂಟ್ (ಆರ್ಮ್‌ನ ಚಕ್ರದ ಕಡೆಯ ತುದಿಯ ಗುಂಡು ಕೀಲು) ಇರಬಹುದು, ವೀಲ್ ಬೇರಿಂಗೂ ಇರಬಹುದು. ಒಬ್ಬರು ಬ್ರೇಕ್ ಒತ್ತಿ ಹಿಡಿದಾಗ ಆಟ ನಿಂತರೆ ಬೇರಿಂಗ್. ಈ ಪರೀಕ್ಷೆಗೆ ಕಾಸು ಖರ್ಚಿಲ್ಲ, ಆದರೂ ಇದನ್ನು ಮಾಡದೇ ಎಸ್ಟಿಮೇಟ್ ಬರೆಯೋರೇ ಜಾಸ್ತಿ.

ಮಾರುತಿ 800 ಇಟ್ಟುಕೊಂಡಿರೋರಿಗೆ ಒಂದು ಮಾತು. 2014ಕ್ಕೆ ಅದರ ತಯಾರಿಕೆ ನಿಂತರೂ ನಮ್ಮ ತುಮಕೂರು ಕಡೆ ಇನ್ನೂ ಓಡುತ್ತಿವೆ. ಅದರಲ್ಲಿ ಲೋವರ್ ಆರ್ಮ್ ಹಿಂದೆ ಮುಂದೆ ಆಡದಂತೆ ಹಿಡಿದಿರುವುದು ಸ್ಟೆಬಿಲೈಸರ್ ಬಾರೇ. ಅದರ ಬುಷ್ ಸವೆದರೆ ಬರೀ ಸದ್ದಲ್ಲ, ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆ ಎಳೆಯಬಹುದು. ಸೌಂಡ್ ಜಾಸ್ತಿ ಮಾಡಿಕೊಂಡು ಹಾಡು ಕೇಳುತ್ತಾ ಓಡಿಸೋ ವಿಷಯ ಅಲ್ಲ ಅದು.

ಹಂಪುಗಳ ಬಗ್ಗೆ ಬೈಯದೆ ಇರೋಕಾಗಲ್ಲ. ರಸ್ತೆಗಳಿಗೆ ಮಾನದಂಡ ಹಾಕಿಕೊಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 25 ಕಿಲೋಮೀಟರ್ ವೇಗದಲ್ಲಿ ಆರಾಮಾಗಿ ದಾಟೋ ಥರದ್ದು. ಕೊರಟಗೆರೆ, ಮಧುಗಿರಿ ಕಡೆ ಹೋಗುವಾಗ ಹಳ್ಳಿಗಳ ಮುಂದೆ ಸಿಗೋದು ರಸ್ತೆಗೆ ಅಡ್ಡ ಕಟ್ಟಿದ ದಿಣ್ಣೆ. ಬಣ್ಣವೂ ಇಲ್ಲ, ಬೋರ್ಡೂ ಇಲ್ಲ. ಕತ್ತಲಲ್ಲಿ ಹಾರಿದರೆ ಹೊಸ ಬುಷ್ ಆದರೇನು, ಹಳೇದಾದರೇನು.

ಕೊನೆಗೆ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಸರಿ ಮಾಡೋದು. ಬುಷ್, ಬಾಲ್ ಜಾಯಿಂಟ್ ಆಡುತ್ತಿರುವಾಗಲೇ ಅಲೈನ್‌ಮೆಂಟ್ ಮಾಡಿಸೋದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಎಲ್ಲ ಪಾರ್ಟ್ ಒಂದೇ ಸಲ ಹಾಕಿಸಿ, ಆಮೇಲೆ ಒಂದೇ ಸಲ ಮಾಡಿಸಿ, ಕೂಲಿಯೂ ಉಳಿಯುತ್ತದೆ. ಮಾಡಿಸಿದ ಮೇಲೆ ಸಮತಟ್ಟಾದ ರಸ್ತೆಯಲ್ಲಿ ಅಲೈನ್‌ಮೆಂಟ್ ಮಾಡಿದವರನ್ನೂ ಕೂರಿಸಿಕೊಂಡು ಓಡಿಸಿ ನೋಡಿ. ಗಾಡಿ ನೆಟ್ಟಗೆ ಹೋಗುವಾಗ ಸ್ಟೀರಿಂಗ್ ಸೊಟ್ಟಗಿದ್ದರೆ ಅಲ್ಲಿಂದಲೇ ವಾಪಸ್ ತಿರುಗಿಸಿ, ದುಡ್ಡು ಆಮೇಲೆ ಕೊಡಿ.