ಕಬ್ಬಿಣದ ಮಾತ್ರೆಯನ್ನು ಬೈಯುವ ಮುಂಚೆ ಗಡಿಯಾರ ನೋಡಿ

"ರಕ್ತ ಕಮ್ಮಿ ಇದೆಯಾ? ಬೀಟ್‌ರೂಟ್ ತಿನ್ನಿ" ಅನ್ನೋ ಸಲಹೆಯನ್ನು ಇನ್ನಾದರೂ ನಿಲ್ಲಿಸೋಣ. ಕೆಂಪಗಿರೋದೆಲ್ಲ ರಕ್ತ ಆಗಲ್ಲ. 100 ಗ್ರಾಂ ಬೀಟ್‌ರೂಟಿನಲ್ಲಿ 1 ಮಿಲಿಗ್ರಾಂ ಕಬ್ಬಿಣವೂ ಇರಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಲೆಕ್ಕದಲ್ಲಿ ಹೆಂಗಸರಿಗೆ ದಿನಕ್ಕೆ 29 ಮಿ.ಗ್ರಾಂ ಬೇಕು, ಗಂಡಸರಿಗೆ 19.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೇ ಕಬ್ಬಿಣದ ಮಾತ್ರೆ ತಂದುಕೊಡುವ ಊರುಗಳಲ್ಲೂ ಇದೇ ಕಥೆ. ನನ್ನ ಪ್ರಕಾರ ಮಾತ್ರೆ ಕೊಡೋದರಲ್ಲಿ ಇರುವ ಉತ್ಸಾಹ, ಅದನ್ನು ಯಾವಾಗ ನುಂಗಬೇಕು ಅಂತ ಬಿಡಿಸಿ ಹೇಳೋದರಲ್ಲಿ ಇಲ್ಲ.

ಬಹಳ ಮನೆಗಳಲ್ಲಿ ನಡೆಯೋದು ಹೀಗೆ: ಬಸುರಿ ಹೆಂಗಸು ತಿಂಡಿ ತಿಂದು, ಕಬ್ಬಿಣದ ಕೆಂಪು ಮಾತ್ರೆ ಮತ್ತು ಕ್ಯಾಲ್ಸಿಯಂ ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡು, ಮೇಲೊಂದು ಲೋಟ ಕಾಫಿ ಕುಡಿಯುತ್ತಾಳೆ. ಅಲ್ಲಿಗೆ ಮಾತ್ರೆಯ ಬಹುಪಾಲು ವ್ಯರ್ಥ. ಕ್ಯಾಲ್ಸಿಯಂ ಜೊತೆಗಿದ್ದರೆ ಕರುಳು ಕಬ್ಬಿಣವನ್ನು ಕಡಿಮೆ ಹೀರುತ್ತೆ. ಕಾಫಿ, ಟೀಯಲ್ಲಿರುವ ಪಾಲಿಫೀನಾಲ್ ಅನ್ನೋ ವಸ್ತುಗಳು ಕಬ್ಬಿಣಕ್ಕೆ ಅಂಟಿಕೊಂಡು ಅದನ್ನು ಹಾಗೇ ಹೊರಗೆ ಸಾಗಿಸುತ್ತವೆ. ಇದರಲ್ಲಿ ಕಾಫಿಗಿಂತ ಟೀ ಜೋರು. ಊಟವಾಗಿ ಒಂದು ಗಂಟೆ ಬಿಟ್ಟು ಕುಡಿದರೂ ಕಾಫಿಯ ಅಡ್ಡಿ ತಪ್ಪಲ್ಲ. ಊಟಕ್ಕೆ ಒಂದು ಗಂಟೆ ಮುಂಚೆ ಕುಡಿದರೆ ತೊಂದರೆ ಇಲ್ಲ.

ಸರ್ಕಾರಿ ಕೆಂಪು ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತೆ. ಬಸುರಿಗೆ ಮೂರು ತಿಂಗಳು ತುಂಬಿದ ಮೇಲೆ ದಿನಕ್ಕೊಂದರಂತೆ ಕನಿಷ್ಠ 180 ದಿನ. ಕ್ಯಾಲ್ಸಿಯಂ 500 ಮಿ.ಗ್ರಾಂನದು ದಿನಕ್ಕೆ ಎರಡು. ಸಲೀಸಾದ ವೇಳಾಪಟ್ಟಿ ಅಂದರೆ, ಬೆಳಗ್ಗೆ ತಿಂಡಿ ಆದಮೇಲೆ ಒಂದು ಕ್ಯಾಲ್ಸಿಯಂ, ಮಧ್ಯಾಹ್ನ ಊಟ ಆದಮೇಲೆ ಇನ್ನೊಂದು (ಕ್ಯಾಲ್ಸಿಯಂ ಕಾರ್ಬೊನೇಟ್ ಕರಗೋಕೆ ಹೊಟ್ಟೆಯ ಆಮ್ಲ ಬೇಕು, ಅದಕ್ಕೇ ಊಟದ ಜೊತೆ). ಕಬ್ಬಿಣ ಮಾತ್ರ ರಾತ್ರಿ ಊಟವಾಗಿ ಎರಡು ಗಂಟೆ ಬಿಟ್ಟು, ನೀರಲ್ಲಿ ಅಥವಾ ನಿಂಬೆ ಪಾನಕದಲ್ಲಿ. ಹಾಲಲ್ಲಂತೂ ಬೇಡವೇ ಬೇಡ. ಮಲಗುವಾಗ ನುಂಗಿದರೆ ಹಲವರಿಗೆ ವಾಕರಿಕೆಯ ಕಾಟವೂ ಕಡಿಮೆ. ಮಲ ಕಪ್ಪಗಾಗೋದು ಸಹಜ, ಅದಕ್ಕೆ ಹೆದರಿ ಬಿಡಬೇಡಿ. ಹಿಮೋಗ್ಲೋಬಿನ್ ಸರಿಹೋಯ್ತು ಅಂತ ಮರುದಿನವೇ ನಿಲ್ಲಿಸೋದೂ ತಪ್ಪು. ದೇಹದ ದಾಸ್ತಾನು ತುಂಬೋಕೆ ಇನ್ನೂ ಮೂರು ತಿಂಗಳು ಬೇಕು.

ಇನ್ನು ನಮ್ಮ ರಾಗಿ. 100 ಗ್ರಾಮಿಗೆ ಸುಮಾರು 360 ಮಿ.ಗ್ರಾಂ ಕ್ಯಾಲ್ಸಿಯಂ, ಅಷ್ಟೇ ಹಾಲಿನ ಮೂರು ಪಟ್ಟು. ಆದರೆ ಅದರಲ್ಲೇ ಇರುವ ಫೈಟೇಟ್ ಅನ್ನೋ ವಸ್ತು ಕ್ಯಾಲ್ಸಿಯಂ, ಕಬ್ಬಿಣ, ಸತು ಮೂರನ್ನೂ ಹಿಡಿದಿಟ್ಟುಕೊಳ್ಳುತ್ತೆ. ಮೊಳಕೆ ಕಟ್ಟಿದರೆ ಫೈಟೇಟ್ ಒಡೆಯುತ್ತೆ. ರಾತ್ರಿ ನೆನೆಹಾಕಿ, ಬೆಳಗ್ಗೆ ನೀರು ಪೂರ್ತಿ ಬಸಿದು, ಒದ್ದೆ ಬಟ್ಟೆಯಲ್ಲಿ ಒಂದೆರಡು ದಿನ ಕಟ್ಟಿಡಿ. ನೀರು ನಿಂತರೆ ಹುಳಿ ವಾಸನೆ ಬರುತ್ತೆ, ಬೂಸ್ಟು ಹಿಡಿಯುತ್ತೆ. ಮೊಳಕೆ ಬಂದದ್ದನ್ನು ಚೆನ್ನಾಗಿ ಒಣಗಿಸಿ, ಘಮ ಬರುವಷ್ಟೇ ಹುರಿದು ಬೀಸಿಸಿ. ಈ ಹಿಟ್ಟಲ್ಲಿ ಮುದ್ದೆ ಕಟ್ಟೋಕೆ ಹೋಗಬೇಡಿ. ಪಿಷ್ಟ ಒಡೆದಿರುತ್ತೆ, ಅಂಟಂಟಾಗಿ ಸಡಿಲವಾಗುತ್ತೆ. ಇದೇನಿದ್ದರೂ ಅಂಬಲಿಗೆ, ಮಕ್ಕಳ ಸರಿಗೆ.

ಮುದ್ದೆಗೆ ಮಾಮೂಲಿ ಹಿಟ್ಟೇ ಇರಲಿ. ಜೊತೆಗೆ ಸೊಪ್ಪಿನ ಸಾರು, ಒಲೆಯಿಂದ ಇಳಿಸಿದ ಮೇಲೆ ಹಿಂಡಿದ ನಿಂಬೆಹಣ್ಣು. ಕುದಿಯುವಾಗಲೇ ಹಿಂಡಿದರೆ, ಕಬ್ಬಿಣ ಹೀರಿಕೊಳ್ಳೋಕೆ ನೆರವಾಗುವ ವಿಟಮಿನ್ ಸಿ ಬಹಳಷ್ಟು ಹಾಳು. ಮಾಂಸ, ಮೀನು ತಿನ್ನುವವರಿಗೆ ಒಂದು ಅನುಕೂಲವಿದೆ: ಅದರಲ್ಲಿರುವ ಹೀಮ್ ಅನ್ನೋ ರೂಪದ ಕಬ್ಬಿಣಕ್ಕೆ ಫೈಟೇಟ್, ಟೀಗಳ ಅಡ್ಡಿ ಅಷ್ಟಾಗಿ ತಟ್ಟಲ್ಲ.

ಥೈರಾಯ್ಡ್ ಮಾತ್ರೆ ತಗೊಳ್ಳುವವರು ಅದಕ್ಕೂ ಕಬ್ಬಿಣ, ಕ್ಯಾಲ್ಸಿಯಂಗೂ ನಾಲ್ಕು ಗಂಟೆ ಅಂತರ ಇಡಬೇಕು. ಸರಿಯಾಗಿ ನುಂಗಿದರೂ ಒಂದು ತಿಂಗಳಲ್ಲಿ ಹಿಮೋಗ್ಲೋಬಿನ್ ಏರದಿದ್ದರೆ ಡೋಸ್ ಹೆಚ್ಚಿಸೋದಲ್ಲ, ವೈದ್ಯರ ಹತ್ತಿರ ಫೆರಿಟಿನ್ ಪರೀಕ್ಷೆ (ದೇಹದ ಕಬ್ಬಿಣದ ದಾಸ್ತಾನು ತಿಳಿಸುವಂಥದ್ದು) ಕೇಳಿ. ವಂಶದಿಂದ ಬರುವ ರಕ್ತದ ಕಾಯಿಲೆಯಾದ ಥಲಸ್ಸೀಮಿಯಾದ ವಾಹಕರಲ್ಲೂ ಹಿಮೋಗ್ಲೋಬಿನ್ ಕಡಿಮೆಯೇ ಇರುತ್ತೆ, ಕಬ್ಬಿಣದ ಕೊರತೆಯೇ ಇಲ್ಲದಿದ್ದರೆ ಅವರಿಗೆ ಮಾತ್ರೆಯಿಂದ ಏನೂ ಪ್ರಯೋಜನ ಆಗಲ್ಲ. ಮತ್ತೆ ಆ ಕೆಂಪು ಮಾತ್ರೆ ಚಿಕ್ಕಮಕ್ಕಳ ಕಣ್ಣಿಗೆ ಥೇಟ್ ಪೆಪ್ಪರ್‌ಮೆಂಟು. ಒಂದು ಹಿಡಿ ನುಂಗಿದರೆ ಜೀವಕ್ಕೇ ಅಪಾಯ, ಮೇಲಿನ ಶೆಲ್ಫಿನಲ್ಲಿಡಿ.