ಫೆಲೋಶಿಪ್ ಇದೆಯಾ?

ನಮ್ಮೂರ ರೋಟರಿ ಕ್ಲಬ್ಬಿಗೆ ನಾನು ಅಧ್ಯಕ್ಷನಾಗಿದ್ದ ವರ್ಷ, ಮೀಟಿಂಗ್ ಇದ್ದ ದಿನ ಸಂಜೆ ಐದಾಯಿತೆಂದರೆ ಫೋನ್ ಶುರು. 'ಅಧ್ಯಕ್ಷರೇ, ಇವತ್ತು ಫೆಲೋಶಿಪ್ ಇದೆಯಾ?' ಮುಖ್ಯ ಅತಿಥಿ ಯಾರು, ವಿಷಯ ಏನು ಎಂದು ವಿಚಾರಿಸಿದವರು ಆ ವರ್ಷವಿಡೀ ಇಬ್ಬರೋ ಮೂವರೋ. ಫೆಲೋಶಿಪ್ ಎಂದರೆ ಊಟ. ನಿಘಂಟಿನವರು ಸ್ನೇಹ, ಸೌಹಾರ್ದ ಎಂದೆಲ್ಲ ಬರೆದುಕೊಳ್ಳಲಿ, ನಮ್ಮೂರಲ್ಲಿ ಅದಕ್ಕೆ ಕಾವಲಿಯ ಮೇಲಿನ ಅಕ್ಕಿರೊಟ್ಟಿಯ ವಾಸನೆಯಿದೆ. ಆಮಂತ್ರಣ ಪತ್ರಿಕೆಯಲ್ಲಿ 'ಸಭೆಯ ನಂತರ ಫೆಲೋಶಿಪ್' ಎಂಬ ಸಾಲು ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ ಎಲ್ಲಕ್ಕಿಂತ ಕೆಳಗಿರುತ್ತದೆ. ಕಣ್ಣು ಮೊದಲು ಹೋಗುವುದು ಅಲ್ಲಿಗೇ. 'ಇದೆ' ಎಂದರೆ ಮೂವತ್ತೈದು ಜನ. 'ಕಾಫಿ ಬಿಸ್ಕತ್ತು ಅಷ್ಟೆ' ಎಂದರೆ ಒಂಬತ್ತು ಜನ, ಅದರಲ್ಲೂ ಇಬ್ಬರು ಭಾಷಣಕಾರರ ಜೊತೆ ಕಾರಿನಲ್ಲಿ ಬಂದವರು.

ಅಧ್ಯಕ್ಷನಾಗುವವನು ಸುಮ್ಮನೆ ಕುರ್ಚಿ ಏರುವಂತಿಲ್ಲ. ಜುಲೈ 1ಕ್ಕೆ ಅಧಿಕಾರ ಎಂದಾದರೆ ಅದಕ್ಕೆ ಮೊದಲೇ ತರಬೇತಿಗೆ ಹೋಗಿ ಬರಬೇಕು. 'ಪ್ರೆಸಿಡೆಂಟ್ಸ್ ಇಲೆಕ್ಟ್ ಟ್ರೈನಿಂಗ್ ಸೆಮಿನಾರ್' ಎಂಬುದು ಆಗ ಅದರ ಪೂರ್ತಿ ಹೆಸರು. ಅಷ್ಟುದ್ದ ಹೇಳಲು ಯಾರಿಗೆ ಪುರುಸೊತ್ತು, 'ಪೆಟ್ಸ್' ಎಂದು ಮುಗಿಸುತ್ತಿದ್ದರು. ನಾನು ಹೊರಟ ದಿನ ನನ್ನ ಹೆಂಡತಿ ಪಕ್ಕದ ಮನೆಯ ಅಜ್ಜಿಗೆ 'ಅವರು ಪೆಟ್ಸ್‌ಗೆ ಹೋಗಿದಾರೆ' ಎಂದಳಂತೆ. ಅಜ್ಜಿಯ ಮೊಮ್ಮಗ ಬೆಂಗಳೂರಲ್ಲಿ ನಾಯಿ ಸಾಕಿದ್ದಾನೆ, ಆಕೆಗೆ ಆ ಪದ ಗೊತ್ತು. ಎರಡು ದಿನ ಬಿಟ್ಟು ನಾನು ಆಟೋ ಇಳಿಯುತ್ತಿದ್ದ ಹಾಗೆ ಬೇಲಿಯ ಆಚೆಯಿಂದಲೇ ಕೇಳಿದರು: 'ಎಂಥ ಜಾತೀದು ತಂದ್ಯೋ ಮಾರಾಯ? ಹಾಲಿಗೊಂದು ಲೋಟ ಬೇರೆ ಇಟ್ಟಿದ್ಯಾ?' ನನ್ನ ಕೈಯಲ್ಲಿದ್ದದ್ದು ಒಂದು ಬ್ಯಾಗು, ಒಂದು ಫೈಲು, ಬರೆಯದ ಒಂದು ಪೆನ್ನು.

ಪ್ರಾಣಿಗಳ ಸಹವಾಸ ಅಲ್ಲಿಗೇ ಮುಗಿಯಲಿಲ್ಲ. ಸದಸ್ಯರ ಹೆಂಡತಿಯರನ್ನು ನಮ್ಮಲ್ಲಿ 'ಆನ್ಸ್' ಎನ್ನುವ ವಾಡಿಕೆ, ಮಕ್ಕಳು 'ಆನೆಟ್ಸ್'. 1914ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹ್ಯೂಸ್ಟನ್ ಸಮ್ಮೇಳನಕ್ಕೆ ಹೊರಟ ರೈಲಿನಲ್ಲಿ ಬ್ರನಿಯರ್ ಎಂಬ ಸದಸ್ಯರ ಜೊತೆ ಅವರ ಹೆಂಡತಿ ಆನ್ ಇದ್ದರು. ಆಕೆಯನ್ನು ತಮಾಷೆಗೆ 'ರೋಟರಿ ಆನ್' ಎಂದರು, ಆ ಹೆಸರು ಸಾವಿರಾರು ಮೈಲಿ ದಾಟಿ ನಮ್ಮೂರ ಗೃಹಿಣಿಯರ ಕೊರಳಿಗೂ ಬಿತ್ತು. (ಹೆಂಗಸರನ್ನೇ ಸದಸ್ಯರಾಗಿ ಸೇರಿಸಿಕೊಳ್ಳಲು ರೋಟರಿ ನಿಯಮ ಬದಲಾದದ್ದು 1989ರಲ್ಲಿ. ನಮ್ಮ ಕ್ಲಬ್ಬಿನ ಲೆಕ್ಕ ಮೊದಲ ಸಲ ಪೈಸೆ ಪೈಸೆಗೆ ತಾಳೆಯಾದದ್ದು ಖಜಾಂಚಿ ಸ್ಥಾನಕ್ಕೆ ಹೆಂಗಸರೊಬ್ಬರು ಬಂದ ವರ್ಷ. ಇದನ್ನು ಇಲ್ಲಿ ಮೆಲ್ಲಗೆ ಹೇಳಿ ಮುಂದೆ ಹೋಗುತ್ತೇನೆ.) 'ಆನೆಟ್ಸ್ ಕಾರ್ಯಕ್ರಮ' ಎಂಬ ಬ್ಯಾನರ್ ನೋಡಿ ನನ್ನ ಮಗಳು 'ಅಪ್ಪ, ನಾವು ಆನೆಮರಿಗಳಾ?' ಎಂದಳು. ರಸ್ತೆಯ ಆ ಕಡೆ ಲಯನ್ಸ್‌ನವರ ಸಭಾಭವನವೂ ಇದೆ. ಮಲೆನಾಡಿನ ಊರಿಗೆ ಇಷ್ಟಾದರೂ ಬೇಡವೇ.

ತರಬೇತಿಯ ವಿಷಯಕ್ಕೆ ಬರುತ್ತೇನೆ. ಬೆಳಿಗ್ಗೆ ಒಂಬತ್ತೂವರೆಗೆ ಸಂಪನ್ಮೂಲ ವ್ಯಕ್ತಿಗಳು 'ಗುಡ್ ಮಾರ್ನಿಂಗ್' ಎಂದರು. ನಾವೂ ಎಂದೆವು. 'ಕೇಳಿಸಲಿಲ್ಲ' ಎಂದರು. ಮೂರನೆಯ ಸಲ ಕಿರುಚಿದ ಮೇಲೆ ಅವರಿಗೆ ಕೇಳಿಸಿತು. ಆಮೇಲೆ ಒಂದು ಪೇಪರ್ ಹಾಳೆಯ ಮೇಲೆ ನಾಲ್ವರು ನಿಲ್ಲುವ ಆಟ. ಹಾಳೆಯನ್ನು ಮಡಚುತ್ತಾ ಹೋಗುತ್ತಾರೆ, ಯಾರೂ ಹೊರಗೆ ಕಾಲಿಡಬಾರದು. ನೂರು ಕಿಲೋ ತೂಗುವ ಅಡಿಕೆ ಮಂಡಿಯ ಸಾಹುಕಾರರೊಬ್ಬರು ನನ್ನ ಎಡಗಾಲಿನ ಮೇಲೆ ನಿಂತು ತಂಡಸ್ಫೂರ್ತಿ ಕಲಿತರು. ಮಧ್ಯಾಹ್ನ 'ನಿಮ್ಮ ಕನಸಿನ ಕ್ಲಬ್ ಹೇಗಿರಬೇಕು, ಬರೆಯಿರಿ' ಎಂದು ಕಾಗದ ಕೊಟ್ಟರು. ಪಕ್ಕದಲ್ಲಿ ಕೂತಿದ್ದ ಹೋಟೆಲ್ ಮಾಲೀಕರದು ಗಂಭೀರ ಮುಖ, ನಿಲ್ಲದ ಪೆನ್ನು. ಕದ್ದು ನೋಡಿದೆ: 'ಬೀನ್ಸ್ 5 ಕೆಜಿ, ಕೊತ್ತಂಬರಿ, ಗ್ಯಾಸ್‌ನವನಿಗೆ ಫೋನ್.' ಆಗ ನಗು ಬಂತು. ಅಧ್ಯಕ್ಷಗಿರಿ ಶುರುವಾದ ಮೇಲೆ ಗೊತ್ತಾಯಿತು, ಆ ಸಭಾಂಗಣದಲ್ಲಿ ಮುಂದಿನ ವರ್ಷಕ್ಕೆ ಸರಿಯಾಗಿ ತಯಾರಾಗುತ್ತಿದ್ದವರು ಅವರೊಬ್ಬರೇ.

ಏಕೆಂದರೆ ಈ ನಾಯಕತ್ವ ವಿಚಿತ್ರವಾದದ್ದು. ಅಂಗಡಿಯಲ್ಲಿ ಹುಡುಗ ಹೇಳಿದ ಮಾತು ಕೇಳದಿದ್ದರೆ ಗದರಬಹುದು. ಕ್ಲಬ್ಬಿನಲ್ಲಿ ಕೆಲಸ ಮಾಡಿದವರಿಗೆ ಸಂಬಳವಿಲ್ಲ, ಮಾಡದವರಿಗೆ ಶಿಕ್ಷೆಯಿಲ್ಲ, ಮೇಲಿಂದ ಅವರೇ ಚಂದಾ ಕೊಡುತ್ತಾರೆ. ಚಂದಾ ಕೊಟ್ಟವರ ಕೈಯಲ್ಲಿ ಶಾಲೆಗೆ ಬೆಂಚು ಹೊರಿಸಬೇಕು. ಹೊರಿಸುವವನ ಕೊರಳಲ್ಲೊಂದು ಪಟ್ಟಿ, ಮುಂದೊಂದು ಗಂಟೆ, ಅಷ್ಟೇ ಅಧಿಕಾರ.

ಮೊದಲ ಸಭೆಯಲ್ಲೇ ಎಡವಿದೆ. ವಂದನಾರ್ಪಣೆಯನ್ನೂ ನಾನೇ ಮಾಡಿ, ವೇದಿಕೆಯ ಮೇಲಿದ್ದವರು, ಕೆಳಗಿದ್ದವರು, ಹೂವಿನವರು ಎಲ್ಲರಿಗೂ ಕೈ ಮುಗಿದೆ. ಮೈಕ್ ಸೆಟ್ಟಿನ ಸದಸ್ಯರನ್ನು ಮರೆತೆ, ಅವರು ಕೊಟ್ಟ ಮೈಕಿನಲ್ಲೇ ಮರೆತೆ. ಮುಂದಿನ ಎರಡು ಸಭೆಗಳಲ್ಲಿ ನಾನು ಬಾಯಿ ತೆರೆದಾಗ ಮಾತ್ರ ಮೈಕು ಕುಂಯ್ ಎನ್ನುತ್ತಿತ್ತು. ನನ್ನ ಫೈಲಿನಲ್ಲಿ ಸಂವಹನ ಕೌಶಲದ ಬಗ್ಗೆ ಹದಿನಾಲ್ಕು ಪುಟ ಇದ್ದವು. ಮೈಕು ಸರಿಹೋದದ್ದು ಮೂರನೆಯ ಸಭೆಯ ಫೆಲೋಶಿಪ್ಪಿನಲ್ಲಿ, ಅವರ ತಟ್ಟೆಗೆ ಎರಡನೇ ಸಲ ಕಾಯಿಹಾಲು ಬಡಿಸಿ 'ಸಾರ್, ಅವತ್ತು ನಂದು ತಪ್ಪಾಯ್ತು' ಎಂದ ಮೇಲೆ. 'ಛೇ ಛೇ, ಅದನ್ನ ನಾನು ಆಗಲೇ ಮರ್ತುಬಿಟ್ಟಿದ್ದೆ' ಎಂದರು. ಮರೆತಿರಲಿಲ್ಲ.

ಫೆಲೋಶಿಪ್ ಮೊದಲೋ ಸೇವೆ ಮೊದಲೋ ಎಂದು ಹಿರಿಯ ಸದಸ್ಯರು ಆಗಾಗ ಜಗಳ ತೆಗೆಯುತ್ತಾರೆ. ಚರಿತ್ರೆಯನ್ನು ಕೇಳಿದರೆ ಊಟದ ಕಡೆಯವರೇ ಗೆಲ್ಲುತ್ತಾರೆ. ರೋಟರಿ ಶುರುಮಾಡಿದ ಪಾಲ್ ಹ್ಯಾರಿಸ್ ಅಮೆರಿಕದ ವರ್ಮಾಂಟಿನ ಒಂದು ಹಳ್ಳಿಯಲ್ಲಿ ಅಜ್ಜ-ಅಜ್ಜಿಯ ಮನೆಯಲ್ಲಿ ಬೆಳೆದು, ಷಿಕಾಗೋದಲ್ಲಿ ವಕೀಲಿಕೆಗೆ ಕೂತವರು. ಅಷ್ಟು ದೊಡ್ಡ ಪಟ್ಟಣದಲ್ಲಿ 'ಏನಯ್ಯ, ಹೇಗಿದ್ದೀಯ' ಎನ್ನುವವರಿಲ್ಲದೆ ಬೇಸರ ಬಂತು. 1905ರ ಫೆಬ್ರುವರಿ 23ರಂದು ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್, ಒಬ್ಬ ಬಟ್ಟೆ ಹೊಲಿಸುವ ವ್ಯಾಪಾರಿ, ಇವರ ಜೊತೆ ಕೂತು ಮಾತಾಡಿದರು. ಆಮೇಲೆ ಒಂದೊಂದು ಸಲ ಒಬ್ಬೊಬ್ಬರ ಕಚೇರಿಯಲ್ಲಿ ಸರದಿಯ ಮೇಲೆ ಸೇರುತ್ತಿದ್ದದ್ದರಿಂದ ರೋಟರಿ ಎಂಬ ಹೆಸರು ಬಂತು. ಸಮಾಜಸೇವೆ ಎಂಬುದು ಇವರ ತಲೆಗೆ ಹೊಳೆದದ್ದು ಒಂದೆರಡು ವರ್ಷ ಕಳೆದ ಮೇಲೆ. ಷಿಕಾಗೋದಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಿಸಲು ಓಡಾಡಿದ್ದು ಅವರ ಮೊದಲ ದೊಡ್ಡ ಕೆಲಸ. ನಮ್ಮೂರ ಬಸ್ ಸ್ಟ್ಯಾಂಡಿನ ಶೌಚಾಲಯಕ್ಕೆ ಬಣ್ಣ ಹೊಡೆಸುವಾಗ ಮೂಗು ಮುಚ್ಚಿಕೊಂಡ ಸದಸ್ಯರಿಗೆ ಇದನ್ನು ಹೇಳಿದೆ. ಮೂಗು ಬಿಡಲಿಲ್ಲ, ಆದರೆ ಬ್ರಷ್ ಹಿಡಿದರು.

ಪ್ರತಿ ಸಭೆಯಲ್ಲಿ ನಾವು ಹೇಳುವ ಚತುರ್ವಿಧ ಪರೀಕ್ಷೆಯೂ ಅಡುಗೆಮನೆಯ ಹತ್ತಿರದ್ದೇ. 1932ರಲ್ಲಿ ದಿವಾಳಿಯ ಅಂಚಿನಲ್ಲಿದ್ದ ಷಿಕಾಗೋದ ಅಲ್ಯೂಮಿನಿಯಂ ಪಾತ್ರೆ ಕಂಪನಿಯನ್ನು ಎತ್ತಿ ನಿಲ್ಲಿಸಲು ಹರ್ಬರ್ಟ್ ಟೇಲರ್ ಎಂಬವರು ಬರೆದುಕೊಂಡ ನಾಲ್ಕು ಪ್ರಶ್ನೆಗಳು ಅವು: ಇದು ಸತ್ಯವೇ, ಎಲ್ಲರಿಗೂ ನ್ಯಾಯವೇ, ಸ್ನೇಹ ಬೆಳೆಸುವುದೇ, ಎಲ್ಲರಿಗೂ ಹಿತವೇ. ಪಾತ್ರೆ ಮಾರಲು ಹುಟ್ಟಿದ್ದನ್ನು ಪಾತ್ರೆಯೊಳಗಿನದಕ್ಕೆ ಹಚ್ಚಿದರೆ ತಪ್ಪೇನು ಎಂದು ಡಿಸೆಂಬರಿನಲ್ಲಿ ಕೋಳಿ ಮಾಡಿಸಬೇಕೋ ಬೇಡವೋ ಎಂಬ ಚರ್ಚೆಗೆ ಹಚ್ಚಿ ನೋಡಿದೆವು. ಮೊದಲ ಪ್ರಶ್ನೆಗೆ ತೊಂದರೆಯಾಗಲಿಲ್ಲ. ಎರಡನೆಯದಕ್ಕೆ ಸಸ್ಯಾಹಾರಿಗಳು ಎದ್ದು ನಿಂತರು. ಮೂರನೆಯದು ತಲುಪುವ ಹೊತ್ತಿಗೆ ಸ್ನೇಹವೇ ಹರಿದುಹೋಗುವ ಹಾಗಿತ್ತು. ಕೊನೆಗೆ ಅಡುಗೆ ಭಟ್ಟರು 'ಎರಡು ಒಲೆ ಹೂಡ್ತೇನೆ, ನೀವು ಸುಮ್ನೆ ಹೋಗಿ' ಎಂದು ತೀರ್ಪು ಕೊಟ್ಟರು. ಅವರು ಯಾವ ಪೆಟ್ಸ್‌ಗೂ ಹೋದವರಲ್ಲ.

ದೊಡ್ಡ ಕೆಲಸವೂ ಹೀಗೆ ಪಾತ್ರೆ ಹೊತ್ತೇ ಆಗುತ್ತದೆ. ಪಲ್ಸ್ ಪೋಲಿಯೋ ಭಾನುವಾರಗಳಲ್ಲಿ ನಮ್ಮ ಕ್ಲಬ್ಬಿನ ಪಾಲಿಗಿದ್ದದ್ದು ಬೂತ್‌ಗಳಲ್ಲಿ ಕೂತ ಅಂಗನವಾಡಿ, ಆಶಾ ಕಾರ್ಯಕರ್ತೆಯರಿಗೆ ಉಪ್ಪಿಟ್ಟು, ಬಾಳೆಹಣ್ಣು ತಲುಪಿಸುವುದು. ನೈಸರ್ಗಿಕ ವೈರಸ್ಸಿನಿಂದ ಬಂದ ದೇಶದ ಕೊನೆಯ ಪೋಲಿಯೋ ಪ್ರಕರಣ ಹೌರಾದ ಹತ್ತಿರ 2011ರ ಜನವರಿಯಲ್ಲಿ, ಭಾರತ ಪೋಲಿಯೋಮುಕ್ತ ಎಂಬ ಪ್ರಮಾಣಪತ್ರ 2014ರ ಮಾರ್ಚಿನಲ್ಲಿ. ಆ ಸುದ್ದಿ ಟಿವಿಯಲ್ಲಿ ಬಂದಾಗ ಮಂಡಿ ಸಾಹುಕಾರರು ನನಗೆ ಫೋನ್ ಮಾಡಿ, 'ನಮ್ಮ ಉಪ್ಪಿಟ್ಟು ಕೆಲಸ ಮಾಡ್ತು ನೋಡಿ' ಎಂದರು. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಜೂನ್ 30ಕ್ಕೆ ನನ್ನ ವರ್ಷ ಮುಗಿಯಿತು. ಪದಗ್ರಹಣದ ದಿನ ಹುಯ್ಯೋ ಎಂದು ಮಳೆ. ಅರ್ಧ ಅತಿಥಿಗಳು ದಾರಿಯಲ್ಲಿ, ಸಭಾಂಗಣದ ಬಾಗಿಲಲ್ಲಿ ಛತ್ರಿಗಳ ರಾಶಿ. ಕೊರಳಿನ ಪಟ್ಟಿ ತೆಗೆದು ಹೊಸಬರಿಗೆ ಹಾಕಿದೆ. ಅವರು ಹೈಸ್ಕೂಲು ಮೇಷ್ಟ್ರು, ಪೆಟ್ಸ್‌ನ ಫೈಲನ್ನು ಪೂರ್ತಿ ಓದಿ ಗೀಟು ಹಾಕಿದ್ದವರು. ನನಗೊಂದು 'ಮಾಜಿ ಅಧ್ಯಕ್ಷ' ಬಿಲ್ಲೆ ಚುಚ್ಚಿ ಎರಡನೆಯ ಸಾಲಿನ ಕುರ್ಚಿ ತೋರಿಸಿದರು. ಮಾಜಿಯಾಗಿ ಹೇಗೆ ಕೂರಬೇಕೆಂದು ಆ ಫೈಲಿನಲ್ಲಿರಲಿಲ್ಲ. ಒಂದು ತಿಂಗಳು ಸಭೆಗಳಲ್ಲಿ ಬೇಡದ ಸಲಹೆ ಕೊಡುತ್ತಾ ಎಲ್ಲರಿಗೂ ಕಿರಿಕಿರಿ ಮಾಡಿದೆ. ಮೇಷ್ಟ್ರು ಸಂಕೋಚದಿಂದ 'ಆಗ್ಲಿ ಸಾರ್, ನೋಡೋಣ ಸಾರ್' ಎನ್ನುತ್ತಿದ್ದರು. ಒಂದು ರಾತ್ರಿ ಅಡುಗೆ ಭಟ್ಟರು ನನ್ನನ್ನು ಕರೆದು ಸಾರಿನ ಬಕೆಟ್ಟು, ಸೌಟು ಕೊಟ್ಟು 'ಆ ಸಾಲು ನೀವು ನೋಡ್ಕೊಳ್ಳಿ' ಎಂದರು. ಅಲ್ಲಿಗೆ ನನ್ನ ಬಾಯಿ ನಿಂತಿತು.

ಮೊನ್ನೆ ಗುರುವಾರ ಮತ್ತೆ ಮೀಟಿಂಗ್ ಇತ್ತು. ಮಳೆ, ನೆಗಡಿ, ಅಂಗಡಿಯಲ್ಲಿ ಸ್ಟಾಕ್ ಬೇರೆ ಬಂದಿತ್ತು. ಹೋಗಲೋ ಬೇಡವೋ ಎಂದು ಐದು ಗಂಟೆಗೆ ಮೇಷ್ಟ್ರಿಗೆ ಫೋನ್ ಮಾಡಿದೆ. ವಿಷಯ ಏನು, ಯಾರು ಬರುತ್ತಾರೆ ಎಂದು ಕೇಳಬೇಕೆಂದಿದ್ದೆ.

'ಅಧ್ಯಕ್ಷರೇ,' ಎಂದೆ, 'ಇವತ್ತು ಫೆಲೋಶಿಪ್ ಇದೆಯಾ?'